ಕೋಲಾರದಿಂದ ಶರಾವತಿ ಹಿನ್ನೀರಿಗೆ: ಸ್ಕೌಟ್ ಮಕ್ಕಳನ್ನು ಕಯಾಕಿಂಗ್‌ಗೆ ಕರೆದೊಯ್ಯುವವರಿಗೆ

ನಮ್ಮ ಶಾಲೆಯ 16 ಸ್ಕೌಟ್‌ಗಳು, 8 ಗೈಡ್‌ಗಳು (ಹುಡುಗಿಯರ ದಳದವರು) ಶರಾವತಿ ಹಿನ್ನೀರಿನಲ್ಲಿ ಕಯಾಕ್, ಕನೂ ಅನ್ನೋ ಹುಟ್ಟು ಹಾಕುವ ಸಣ್ಣ ದೋಣಿ ಎರಡನ್ನೂ ನಡೆಸಿ, ಕ್ಷೇಮವಾಗಿ ಕೋಲಾರಕ್ಕೆ ವಾಪಸ್ ಬಂದಿದ್ದಾರೆ. ಫೋಟೋ ನೋಡಿದ ಬೇರೆ ಶಾಲೆಯ ಮೇಷ್ಟ್ರುಗಳು ಫೋನ್ ಮಾಡ್ತಾ ಇದ್ದಾರೆ. "ಪರ್ಮಿಷನ್ ಹೇಗೆ ಸಿಕ್ತು ಸಾರ್? ಖರ್ಚು ಎಷ್ಟು ಬಂತು? ಅಪ್ಪ ಅಮ್ಮ ಒಪ್ಪಿದ್ರಾ?" ಒಬ್ಬೊಬ್ಬರಿಗೂ ಅದನ್ನೇ ಹೇಳುವುದರ ಬದಲು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮಕ್ಕಳು ದೋಣಿಯಲ್ಲಿ ಕೂತಿದ್ದು ಒಂದು ವಾರಾಂತ್ಯ ಮಾತ್ರ. ಅದಕ್ಕೆ ತಯಾರಿ ಜೂನ್‌ನಲ್ಲಿ ಶುರುವಾಗಿ ಡಿಸೆಂಬರ್‌ವರೆಗೆ ನಡೆಯಿತು. ಅದರಲ್ಲೂ ಮುಕ್ಕಾಲು ಪಾಲು ಈಜಿಗೇ ಹೋಯಿತು. ನೀವೂ ಹೊರಡುವುದಾದರೆ ದೋಣಿ, ಕ್ಯಾಂಪ್, ರೈಲು ಇವೆಲ್ಲ ಪಕ್ಕಕ್ಕಿಡಿ. ಮೊದಲು ಈಜುಕೊಳ ಹುಡುಕಿ.

ಯೋಚನೆ ಬಂದಿದ್ದು ಮಕ್ಕಳಿಂದಲೇ. ತೃತೀಯ ಸೋಪಾನಕ್ಕೆ, ಅಂದರೆ ಸ್ಕೌಟ್ ಪರೀಕ್ಷೆಯ ಮೂರನೇ ಮೆಟ್ಟಿಲಿಗೆ, ತಯಾರಾಗುತ್ತಿದ್ದ ಹುಡುಗರು ಅಂತರಗಂಗೆ ಬೆಟ್ಟ ಹತ್ತಿ ಹತ್ತಿ ಬೇಸತ್ತಿದ್ದರು. ಟೆಂಟ್, ಗಂಟು, ಹೈಕ್ ಎಲ್ಲಾ ಆಗಿತ್ತು. "ದೋಣಿ ಕಲಿಸಿ ಸಾರ್" ಅಂದರು. ಸ್ಟಾಫ್ ರೂಮಿನಲ್ಲಿ ಹೇಳಿದಾಗ ಎಲ್ಲರೂ ನಕ್ಕರು. ನಗದೆ ಇನ್ನೇನು? ಜೀವನದಿ ಅಂತ ಒಂದೂ ಇಲ್ಲದ ಜಿಲ್ಲೆ ನಮ್ಮದು. ಪಾಲಾರ್ ನದಿ ಅಂತ ಪಾಠ ಮಾಡ್ತೀವಿ, ಹೋಗಿ ನೋಡಿದರೆ ವರ್ಷದ ಜಾಸ್ತಿ ದಿನ ಬರೀ ಮರಳು. "ಸ್ಕೌಟ್‌ಗೂ ನೀರಿಗೂ ಏನ್ರೀ ಸಂಬಂಧ?" ಅಂತ ಹಿರಿಯ ಸಹೋದ್ಯೋಗಿಯೊಬ್ಬರು ಕೇಳಿದರು. ಸಂಬಂಧ ಮೊದಲಿನಿಂದಲೂ ಇದೆ. ಸ್ಕೌಟ್ ಚಳವಳಿ ಶುರು ಮಾಡಿದ ಬೇಡನ್ ಪೊವೆಲ್ 1907ರಲ್ಲಿ ಹುಡುಗರನ್ನು ಸೇರಿಸಿ ಮೊದಲ ಶಿಬಿರ ಮಾಡಿದ್ದೇ ಬ್ರೌನ್‌ಸೀ ಅನ್ನೋ ದ್ವೀಪದಲ್ಲಿ. ಹುಡುಗರು ಅಲ್ಲಿಗೆ ಹೋಗಿದ್ದು ನೀರು ದಾಟಿಕೊಂಡೇ. ಅದಾದ ಸ್ವಲ್ಪ ವರ್ಷಕ್ಕೇ ಸೀ ಸ್ಕೌಟ್ಸ್ ಅಂತ ಬೇರೆ ಶಾಖೆಯೂ ಶುರುವಾಯಿತು. ಇದನ್ನು ಯಾಕೆ ಹೇಳಿದೆ ಅಂದರೆ, ಇದೇ ಪ್ರಶ್ನೆ ನಿಮಗೆ ಕಚೇರಿಗಳಲ್ಲೂ ಬರುತ್ತದೆ. ಉತ್ತರ ಕೈಯಲ್ಲಿರಲಿ.

ನಮ್ಮ ಮೊದಲ ಆಸೆ ಊರ ಕೆರೆಯಲ್ಲೇ ಮಾಡುವುದು. ಈಗ ನಮ್ಮ ಕೆರೆಗಳಲ್ಲಿ ನೀರಿದೆ, ಅಲ್ವಾ? 2018ರಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ, ದಶಕಗಟ್ಟಲೆ ಒಣಗಿದ್ದ ಕೆರೆಗಳು ಒಂದಾದ ಮೇಲೊಂದು ತುಂಬಿದವು. ಬೆಳಗ್ಗೆ ಬಸ್ಸಿನಲ್ಲಿ ಹೋಗುವಾಗ ಆ ನೀರು ನೋಡಿದರೆ ಇಲ್ಲೇ ದೋಣಿ ಇಳಿಸೋಣ ಅನ್ನಿಸುತ್ತದೆ. ಆದರೆ ಅದು ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರು. ಎರಡು ಹಂತದಲ್ಲಿ ಶುದ್ಧಿ ಮಾಡಿ ಬಿಡುತ್ತಾರೆ. ಉದ್ದೇಶ ಅಂತರ್ಜಲ ಮೇಲೆ ಬರಲಿ ಅನ್ನೋದು, ಜನ ಸ್ನಾನ ಮಾಡಲಿ ಅನ್ನೋದಲ್ಲ. ಕಯಾಕ್ ಕಲಿಯುವ ಮಗು ಮಗುಚಿಕೊಳ್ಳದೆ ಕಲಿಯುವುದಿಲ್ಲ. ಮಗುಚಿದರೆ ಮೂಗು, ಬಾಯಿ, ಕಿವಿಗೆಲ್ಲ ನೀರು ಹೋಗುತ್ತದೆ. ಆ ನೀರನ್ನು ನನ್ನ ಮಗನ ಬಾಯಿಗೆ ಬಿಡ್ತೀನಾ ಅಂತ ಕೇಳಿಕೊಂಡೆ. ಇಲ್ಲ. ಅಲ್ಲಿಗೆ ಆ ಕೆರೆಗಳ ಮಾತು ಮುಗಿಯಿತು.

ಮಳೆ ನೀರೇ ನಿಂತಿರುವ ಕೆರೆಗಳೂ ಇವೆ ಅಂತ ಹುಡುಕಿದೆವು. ಅಲ್ಲಿ ಬೇರೆ ಸಮಸ್ಯೆ. ಕೆರೆ ಯಾರದು ಅನ್ನೋದೇ ಮೊದಲ ಪ್ರಶ್ನೆ. ಅಚ್ಚುಕಟ್ಟು (ಕೆರೆ ನೀರು ಉಣಿಸುವ ಜಮೀನು) 40 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ, ಕಡಿಮೆ ಇದ್ದರೆ ಜಿಲ್ಲಾ ಪಂಚಾಯತ್. ಅದರ ಮೇಲೆ ಮೀನಿನ ಗುತ್ತಿಗೆ ಹಿಡಿದವರು ಇರುತ್ತಾರೆ. ಅವರ ಬಲೆ ನೀರೊಳಗೆ ಇರುತ್ತದೆ, ಮೇಲಿನಿಂದ ಕಾಣಿಸೋದಿಲ್ಲ. ಕಾಲು ಸಿಕ್ಕಿಕೊಂಡರೆ ಲೈಫ್ ಜಾಕೆಟ್ ಹಾಕಿದ್ದರೂ ಕಷ್ಟವೇ. ಇನ್ನೊಂದು, ಕೆರೆಯಲ್ಲಿ ಮಣ್ಣು ತೆಗೆದ ಗುಂಡಿಗಳು. ಸೊಂಟದ ಮಟ್ಟದ ನೀರು ಅಂತ ನಡೆದು ಹೋಗುತ್ತಿದ್ದ ಹಾಗೆ ದಿಢೀರನೆ ಎರಡಾಳು ಆಳ. ಪಕ್ಕದಲ್ಲಿ ಹೂಳು. ಕುರಿ ಮೈ ತೊಳೆಯೋಕೆ ಹೋದ ಹುಡುಗರು ಮುಳುಗಿದ ಸುದ್ದಿ ಪ್ರತಿ ವರ್ಷ ಓದ್ತೀವಲ್ಲ, ಜಾಸ್ತಿ ಇಂಥ ಕಡೆಯೇ. ಒಂದು ಕಚೇರಿಯಲ್ಲಿ "ಬಾಯಲ್ಲಿ ಹೇಳ್ತೀನಿ, ಮಾಡ್ಕೊಳ್ಳಿ. ಬರೆದು ಮಾತ್ರ ಕೊಡಲ್ಲ" ಅಂದರು. ಮಕ್ಕಳ ವಿಷಯದಲ್ಲಿ ಬಾಯಿಮಾತಿನ ಅನುಮತಿ ತಗೊಳ್ಳಬೇಡಿ. ಬರೆದು ಕೊಡದ ನೀರಿಗೆ ಇಳಿಯಬೇಡಿ.

ಹಾಗಾಗಿ ದೂರ ಹೋಗುವುದು ಅಂತಾಯಿತು. ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರು ಆರಿಸಿಕೊಂಡೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ನಿಂತ ನೀರು ಅದು. ಹರಿವಿನ ರಭಸ ಇಲ್ಲ, ಕಲಿಯುವವರಿಗೆ ಸರಿ. ತರಬೇತಿ ಕೊಡುವವರೂ ಆ ಕಡೆ ಇದ್ದಾರೆ. ಮಳೆಗಾಲದಲ್ಲಿ ಬೇಡ. ನವೆಂಬರ್ ಕೊನೆ, ಡಿಸೆಂಬರ್ ಒಳ್ಳೆಯದು. ಜನವರಿ ಬಂತು ಅಂದರೆ ಹತ್ತನೇ ಕ್ಲಾಸಿನ ಮಕ್ಕಳನ್ನು ಯಾವ ಹೆಡ್‌ಮಾಸ್ಟರೂ ಬಿಡುವುದಿಲ್ಲ.

ಇನ್ನು ಈಜಿನ ವಿಷಯ. 24 ಮಕ್ಕಳಲ್ಲಿ ಈಜು ಬರುತ್ತಿದ್ದವರು ಐದು ಜನ. ಇದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಯಿತು. ನಮ್ಮ ಕಾಲದಲ್ಲಿ ತೋಟದ ಬಾವಿ ಇತ್ತು. ಬೇಸಿಗೆ ರಜೆಯಲ್ಲಿ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ, ಮಾವ ಮೇಲಿನಿಂದ ತಳ್ಳುತ್ತಿದ್ದರು. ನೀರು ಕುಡಿದು, ಅತ್ತು, ಕೊನೆಗೆ ಕಲಿತುಬಿಡುತ್ತಿದ್ದೆವು. ಆಮೇಲೆ ಬೋರ್‌ವೆಲ್ ಬಂತು. ಸಾವಿರ ಅಡಿ, ಸಾವಿರದ ಐನೂರು ಅಡಿ ಅಂತ ಇಳಿಯುತ್ತಾ ಹೋದ ಹಾಗೆ ಬಾವಿಗಳು ಬತ್ತಿದವು. ಈಗ ಅದರಲ್ಲಿ ಕಸ, ಮುಳ್ಳು. ಬಾವಿ ಹೋದ ಮೇಲೆ ಹುಟ್ಟಿದ ಮಕ್ಕಳಿಗೆ ಈಜು ಯಾರು ಕಲಿಸ್ತಾರೆ? ಎತ್ತರದ ಬೆಟ್ಟ ಹೆದರದೆ ಹತ್ತುವ ನಮ್ಮ ಹುಡುಗರು ಎದೆಮಟ್ಟದ ನೀರಿನಲ್ಲಿ ಕೊಳದ ಕಂಬಿ ಬಿಡುತ್ತಿರಲಿಲ್ಲ.

ಲೈಫ್ ಜಾಕೆಟ್ ಇರುತ್ತಲ್ಲ, ಈಜು ಯಾಕೆ ಬೇಕು ಅಂತ ತುಂಬಾ ಜನ ಕೇಳಿದರು. ಜಾಕೆಟ್ ಮುಳುಗದ ಹಾಗೆ ನೋಡಿಕೊಳ್ಳುತ್ತದೆ. ಗಾಬರಿ ನಿಲ್ಲಿಸುವುದಿಲ್ಲ. ಈಜು ಬಾರದ ಮಗು ಮಗುಚಿದ ಕೂಡಲೇ ಪಕ್ಕದವನ ಕುತ್ತಿಗೆ ಹಿಡಿಯುತ್ತದೆ. ಅಲ್ಲಿಗೆ ಇಬ್ಬರು. ನೀರಲ್ಲಿ ಮುಖ ಮುಳುಗಿಸಿ ಅಭ್ಯಾಸ ಇರುವ ಮಗು ಮೇಲೆ ಬಂದು, ಮುಖ ಒರೆಸಿಕೊಂಡು, ದೋಣಿ ಎಲ್ಲಿ ಅಂತ ನೋಡುತ್ತದೆ.

ಎಷ್ಟು ಬಂದರೆ ಸಾಕು ಅನ್ನೋದಕ್ಕೆ ಒಂದು ಅಳತೆ ಬೇಕಿತ್ತು. ಅಮೆರಿಕದ ಸ್ಕೌಟ್‌ಗಳಲ್ಲಿ ಒಂದು ಪರೀಕ್ಷೆ ಇದೆ. ತಲೆ ಮುಳುಗುವ ಆಳದ ನೀರಿಗೆ ಕಾಲು ಮುಂದಾಗಿ ಹಾರಬೇಕು. ಮೇಲೆ ಬಂದು 75 ಗಜ ಚೆನ್ನಾಗಿ ಈಜಬೇಕು. ಆಮೇಲೆ 25 ಗಜ ಅಂಗಾತ ಮಲಗಿ, ದಣಿವಾರಿಸಿಕೊಳ್ಳುತ್ತಾ ಈಜಬೇಕು. ಕೊನೆಗೆ ಸುಮ್ನೆ ತೇಲಬೇಕು. ಒಟ್ಟು ನೂರು ಗಜ, ಅಂದರೆ ಹೆಚ್ಚು ಕಡಿಮೆ 91 ಮೀಟರ್. 25 ಮೀಟರಿನ ಕೊಳದಲ್ಲಿ ನಾಲ್ಕು ಉದ್ದ ಅಂತ ಇಟ್ಟುಕೊಂಡೆವು. ಅಂಗಾತ ಈಜುವ ಕೊನೆಯ ಭಾಗವೇ ನನಗೆ ಮುಖ್ಯ ಅನ್ನಿಸಿತು. ಸುಸ್ತಾದಾಗ ಏನು ಮಾಡಬೇಕು ಅನ್ನೋದು ಅದರಲ್ಲಿದೆ.

ಕೊಳದವರ ಜೊತೆ ಮಾತಾಡುವಾಗ ಒಂದು ವಿಷಯ ಗೊತ್ತಾಯಿತು. ಏಪ್ರಿಲ್, ಮೇ ತಿಂಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಜುಲೈ ನಂತರ ಖಾಲಿ. ಗುಂಪಾಗಿ ಬರ್ತೀವಿ ಅಂದರೆ ತಿಂಗಳಿಗೆ 1,200 ರೂಪಾಯಿ ಇದ್ದದ್ದನ್ನು 900ಕ್ಕೆ ಇಳಿಸಿದರು.

ಹುಡುಗಿಯರ ವಿಷಯದಲ್ಲಿ ನಾವು ಅಂದುಕೊಳ್ಳದ ತೊಡಕು ಬಂತು. ಮಹಿಳೆಯರ ಬ್ಯಾಚ್ ಇದ್ದದ್ದು ಬೆಳಗ್ಗೆ ಹತ್ತಕ್ಕೆ, ಅಂದರೆ ಶಾಲೆಯ ಹೊತ್ತಿನಲ್ಲಿ. ಸಂಜೆ ಬ್ಯಾಚಿಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ನಮ್ಮ ಗೈಡ್ ಕ್ಯಾಪ್ಟನ್ ಮೇಡಂ ಮನೆಮನೆಗೆ ಹೋಗಿ ಮಾತಾಡಿದರು. ಕೊನೆಗೆ ಭಾನುವಾರ ಬೆಳಗ್ಗೆ ಬೇಗ, ಹೆಣ್ಣುಮಕ್ಕಳಿಗೆ ಮಾತ್ರ ಅಂತ ಒಂದು ಗಂಟೆ ಬಿಟ್ಟುಕೊಟ್ಟರು. ಕಲಿಸಲು ಮಹಿಳಾ ಕೋಚ್ ಬೇಕು ಅಂತ ಷರತ್ತು. ಅವರ ಸಂಭಾವನೆ ಬೇರೆ. ಉಡುಪಿನ ಬಗ್ಗೆ ಸಣ್ಣ ಜಗಳವೇ ಆಯಿತು. ಪೂರ್ತಿ ಕೈ, ಪೂರ್ತಿ ಕಾಲು ಮುಚ್ಚುವ ಈಜುಡುಗೆ ಸಿಗುತ್ತದೆ. ಅದನ್ನು ತಂದು ತಾಯಂದಿರ ಮುಂದೆ ಇಟ್ಟಾಗ ತಕರಾರು ನಿಂತಿತು. ನೀವು ಗೈಡ್‌ಗಳನ್ನು ಕರೆದೊಯ್ಯುವುದಾದರೆ ಈ ಮಾತುಕತೆಗೆ ಒಂದು ತಿಂಗಳು ಬೇರೆ ಇಟ್ಟುಕೊಳ್ಳಿ. ಮತ್ತು ಆ ಮಾತುಕತೆಯನ್ನು ಮೇಡಂಗಳಿಗೇ ಬಿಡಿ.

ಅಕ್ಟೋಬರ್ ಕೊನೆಗೆ ಪರೀಕ್ಷೆ ಮಾಡಿದೆವು. ಮೂವರು ಪೂರ್ತಿ ಮಾಡಲಿಲ್ಲ. ಅವರಿಗೆ ನವೆಂಬರ್ ತಿಂಗಳೂ ಕೊಳ ಮುಂದುವರಿಸಿದೆವು. ಅವರಲ್ಲಿ ಒಬ್ಬ, ಟೊಮೆಟೊ ಮಂಡಿಯಲ್ಲಿ ಹಮಾಲಿ ಮಾಡುವವರ ಮಗ, ಕೊನೆಯ ಉದ್ದ ಮುಗಿಸಿ ಅಂಚು ಹಿಡಿದು "ಆಯ್ತಾ ಸಾರ್?" ಅಂದಾಗ ಇಡೀ ದಳ ಚಪ್ಪಾಳೆ ಹೊಡೆಯಿತು. ಇಡೀ ಪ್ರಯತ್ನದಲ್ಲಿ ನನಗೆ ಅತಿ ಸಂತೋಷ ಆದದ್ದು ಅವತ್ತೇ. ಹಿನ್ನೀರಿನಲ್ಲಿ ಅಲ್ಲ.

ಈಗ ಅಪ್ಪ ಅಮ್ಮಂದಿರ ವಿಷಯ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ನಮ್ಮದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ಶಾಲಾ ಪ್ರವಾಸಕ್ಕೆ ಹೋದವರು. ಆ ನೋವು ಇಲ್ಲಿ ಇನ್ನೂ ಹಸಿಯಾಗಿದೆ. ಪೋಷಕರ ಸಭೆ ಕರೆದಾಗ ಮೊದಲು ಮಾತಾಡಿದ್ದು ಒಬ್ಬ ಅಜ್ಜಿ. "ನೀರಿನ ಹತ್ರ ಯಾಕೆ ಕರ್ಕೊಂಡ್ ಹೋಗ್ತೀಯಪ್ಪಾ, ಬೇರೆ ಏನೂ ಸಿಗಲಿಲ್ವಾ ನಿಂಗೆ?" ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನಾನೂ ವಾದ ಮಾಡಲಿಲ್ಲ. ಅವರು ಕೇಳಿದ್ದರಲ್ಲಿ ತಪ್ಪೇನಿದೆ?

ಸ್ಕೌಟ್ ಚರಿತ್ರೆಯಲ್ಲೂ ಇಂಥದ್ದು ಇದೆ. 1912ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಲೇಸ್‌ಡೌನ್ ಹತ್ತಿರ ಇದ್ದಕ್ಕಿದ್ದ ಹಾಗೆ ಎದ್ದ ಗಾಳಿಗೆ ಸ್ಕೌಟ್‌ಗಳ ದೋಣಿ ಮಗುಚಿ ಒಂಬತ್ತು ಹುಡುಗರು ಹೋದರು. ಇದನ್ನೂ ಸಭೆಯಲ್ಲಿ ಹೇಳಿದೆ. ಮುಚ್ಚಿಡುವುದಕ್ಕಿಂತ ಹೇಳುವುದೇ ವಾಸಿ. ಆಮೇಲೆ ನಾವು ಏನೇನು ಮಾಡ್ತೀವಿ ಅಂತ ಒಂದೊಂದಾಗಿ ವಿವರಿಸಿದೆ. ಕಡಲಿಗೆ, ಹರಿಯುವ ಹೊಳೆಗೆ ಇಳಿಯುವುದಿಲ್ಲ. ಈಜು ಪರೀಕ್ಷೆ ಪಾಸಾಗದ ಮಗು ಬರುವುದಿಲ್ಲ. ಕಾಲು ಒದ್ದೆ ಆಗುವ ಮೊದಲು ಜಾಕೆಟ್ ಮೈಮೇಲೆ ಇರುತ್ತದೆ, ದಡಕ್ಕೆ ಬಂದ ಮೇಲೆ ಬಿಚ್ಚುವುದು. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರು, ಏನೇ ಆದರೂ ಇಬ್ಬರಿಗಿಂತ ಕಡಿಮೆ ಇಲ್ಲ. ಇದೂ ಅಮೆರಿಕದ ಸ್ಕೌಟ್‌ಗಳ ನಿಯಮವೇ. ನಮ್ಮ 24 ಮಕ್ಕಳಿಗೆ ಮೂವರು ಬೇಕಾಗುತ್ತಿತ್ತು, ನಾವು ನಾಲ್ವರು ಹೋದೆವು. ಪೋಷಕರು ಯಾವ ಭಾನುವಾರ ಬೇಕಾದರೂ ಕೊಳಕ್ಕೆ ಬಂದು ನೋಡಬಹುದು ಅಂದೆ. ಬಂದರು. ಆ ಅಜ್ಜಿಯೂ ಬಂದರು. ಮಾತಿಗಿಂತ ಅದು ಕೆಲಸ ಮಾಡಿತು. ಇಬ್ಬರ ಮನೆಯವರು ಕೊನೆಗೂ ಬೇಡ ಅಂದರು. ನಾವು ಒತ್ತಾಯ ಮಾಡಲಿಲ್ಲ. ಆ 24ರಲ್ಲಿ ಅವರು ಸೇರಿಲ್ಲ.

ಪೇಪರ್‌ಗಳ ಕಥೆ ಉದ್ದ ಇದೆ, ಆದರೆ ಅಷ್ಟು ಸ್ವಾರಸ್ಯ ಇಲ್ಲ. ಎರಡು ದಾರಿಯಲ್ಲಿ ಅನುಮತಿ ಬೇಕು. ಒಂದು ಸ್ಕೌಟ್ಸ್ ಮತ್ತು ಗೈಡ್ಸ್ ಜಿಲ್ಲಾ ಸಂಸ್ಥೆಯಿಂದ, ಇನ್ನೊಂದು ಶಿಕ್ಷಣ ಇಲಾಖೆಯಿಂದ. ಎರಡೂ ಅರ್ಜಿ ಒಟ್ಟಿಗೆ ಹಾಕಿ. ಒಂದು ಬಂದ ಮೇಲೆ ಇನ್ನೊಂದು ಅಂತ ಕೂತರೆ ಬೇಸಿಗೆ ಬರುತ್ತದೆ. ಒಂದು ಕಚೇರಿಯಲ್ಲಿ ನಮ್ಮ ಫೈಲ್ ವಾರಗಟ್ಟಲೆ ನಿಂತಿತು. ಇದು ಪ್ರವಾಸವೋ, ಶಿಬಿರವೋ, ಕ್ರೀಡೆಯೋ ಅಂತ ಅವರಿಗೆ ತೀರ್ಮಾನ ಆಗಲಿಲ್ಲವಂತೆ. ಮೂರಕ್ಕೂ ಬೇರೆ ಬೇರೆ ನಮೂನೆ. ಹೋದಾಗಲೆಲ್ಲ "ಸಾಹೇಬ್ರು ಮೀಟಿಂಗಲ್ಲಿದಾರೆ" ಅನ್ನುವ ಉತ್ತರ. ಕೊನೆಗೆ ಗುಮಾಸ್ತರೊಬ್ಬರೇ ದಾರಿ ತೋರಿಸಿದರು. "ಸ್ಕೌಟ್ ಸಾಹಸ ಶಿಬಿರ ಅಂತ ಬರೀರಿ ಸಾರ್. ದಿನವಹಿ ಕಾರ್ಯಕ್ರಮ ಲಗತ್ತಿಸಿ. ತರಬೇತಿ ಕೊಡೋರ ಪ್ರಮಾಣಪತ್ರದ ಪ್ರತಿ ಇಡಿ." ಹಾಗೆ ಮಾಡಿದ ಮೇಲೆ ಸಹಿ ಆಯಿತು. ನೀವು ಮೊದಲ ದಿನವೇ ಹಾಗೆ ಬರೆದುಕೊಂಡು ಹೋಗಿ.

ಫೈಲ್ ಜೊತೆ ನಾವು ಇಟ್ಟಿದ್ದು: ಇಬ್ಬರು ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ, ಆಧಾರ್ ಪ್ರತಿ, ರಕ್ತದ ಗುಂಪು, ವೈದ್ಯರ ಪತ್ರ, ಈಜು ಪರೀಕ್ಷೆಯ ಪಟ್ಟಿ, ಹೋಗುವ ಜಾಗದವರ ಒಪ್ಪಿಗೆ ಪತ್ರ, ಹತ್ತಿರದ ಆಸ್ಪತ್ರೆಯ ವಿವರ. ಒಪ್ಪಿಗೆ ಪತ್ರದಲ್ಲಿ "ಪ್ರವಾಸ" ಅಂತ ಮಾತ್ರ ಬರೆಸಬೇಡಿ. ಮಗು ದೋಣಿ ನಡೆಸುತ್ತದೆ, ನೀರಿಗೆ ಬೀಳುತ್ತದೆ, ಬೀಳಿಸಿಯೇ ಕಲಿಸುತ್ತಾರೆ ಅಂತ ಕನ್ನಡದಲ್ಲಿ ಬಿಡಿಸಿ ಬರೆಯಿರಿ. ವೈದ್ಯರ ಹತ್ತಿರ ಫಿಟ್ಸ್, ಉಬ್ಬಸ, ಕಿವಿ ಸೋರುವುದು ಈ ಮೂರನ್ನು ಗಮನಿಸಿ ನೋಡಿ ಅಂತ ಹೇಳಿ. ಸುಮ್ನೆ "ಆರೋಗ್ಯವಾಗಿದ್ದಾನೆ" ಅಂತ ಸೀಲ್ ಹಾಕಿಸಿಕೊಂಡು ಬಂದರೆ ಪ್ರಯೋಜನ ಇಲ್ಲ. ನಮ್ಮಲ್ಲಿ ಒಬ್ಬಳಿಗೆ ಉಬ್ಬಸ ಇತ್ತು. ವೈದ್ಯರು ಹೋಗಬಹುದು ಅಂದರು. ಇನ್‌ಹೇಲರ್ ಅನ್ನು ನೀರು ಹೋಗದ ಚೀಲದಲ್ಲಿ ಹಾಕಿ ಅವಳ ಜಾಕೆಟ್ಟಿಗೇ ಕಟ್ಟಿದೆವು. ಇನ್ನೊಂದು ಅವಳ ಜೊತೆಯ ದೋಣಿಯಲ್ಲಿದ್ದ ಮೇಡಂ ಹತ್ತಿರ.

ವಿಮೆ ಮಾಡಿಸುವಾಗ ಎಚ್ಚರ. ಎಷ್ಟೋ ಅಪಘಾತ ವಿಮೆಗಳಲ್ಲಿ ಸಾಹಸ ಕ್ರೀಡೆಗೆ ಅನ್ವಯಿಸುವುದಿಲ್ಲ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಕಯಾಕಿಂಗ್ ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ.

ಖರ್ಚು. ಕೊಳ, ಕೋಚ್, ಪ್ರಯಾಣ, ಕ್ಯಾಂಪ್, ವಿಮೆ, ಸಣ್ಣಪುಟ್ಟ ಸಾಮಾನು ಎಲ್ಲ ಸೇರಿ ಒಂದು ಮಗುವಿಗೆ ಸುಮಾರು 7,500 ರೂಪಾಯಿ ಬಿತ್ತು. ಅದರಲ್ಲಿ ಕ್ಯಾಂಪಿನ ಶುಲ್ಕ ಊಟ ಸೇರಿ 3,000. ನಮ್ಮ ಮಕ್ಕಳ ಮನೆಗಳಲ್ಲಿ ಇಷ್ಟು ಹಣ ಒಟ್ಟಿಗೆ ತೆಗೆಯೋದು ಸುಲಭ ಅಲ್ಲ. ಹಾಗಾಗಿ ಕಂತು ಮಾಡಿದೆವು. "ಬಟವಾಡೆ ಆದ್ಮೇಲೆ ಕೊಡ್ತೀವಿ ಸಾರ್" ಅಂತ ಡೇರಿಗೆ ಹಾಲು ಹಾಕುವವರು. ಟೊಮೆಟೊ ಬೆಳೆದವರು ರೇಟ್ ನೋಡಿಕೊಂಡು. ಆಗಸ್ಟ್‌ನಲ್ಲಿ 15 ಕೆಜಿ ಬಾಕ್ಸಿಗೆ ಒಳ್ಳೆ ಬೆಲೆ ಇದ್ದ ವಾರ ನಾಲ್ಕು ಮನೆಯವರು ಪೂರ್ತಿ ಹಣ ಕಟ್ಟಿಬಿಟ್ಟರು. ಮುಂದಿನ ವಾರ ಬೆಲೆ ಬಿತ್ತು, ಉಳಿದವರು ನವೆಂಬರ್‌ವರೆಗೆ ಎಳೆದರು. ಕೊಡಲು ಆಗದ ಮಕ್ಕಳಿಗೆ ಹಳೇ ವಿದ್ಯಾರ್ಥಿಗಳು ಸೇರಿ ಹಾಕಿದರು. ಯಾರದು ಯಾರು ಕಟ್ಟಿದರು ಅಂತ ಮಕ್ಕಳಿಗೆ ಗೊತ್ತಾಗದ ಹಾಗೆ ನೋಡಿಕೊಂಡೆವು. ನಿಮಗೆ ದುಬಾರಿ ಅನ್ನಿಸಿದರೆ ಕ್ಯಾಂಪ್ ದಿನ ಕಡಿಮೆ ಮಾಡಿ. ಕೊಳದ ತಿಂಗಳು ಕಡಿಮೆ ಮಾಡಬೇಡಿ.

ಕ್ಯಾಂಪಿನವರ ಜೊತೆ ಮಾತಾಡುವಾಗ ಪ್ರತಿ ಮಗುವಿನ ತೂಕ, ಎದೆ ಸುತ್ತಳತೆ ಬರೆದು ಕಳಿಸಿ. 32 ಕೆಜಿಯ ಹುಡುಗನಿಗೆ ದೊಡ್ಡವರ ಜಾಕೆಟ್ ಹಾಕಿದರೆ ನೀರಿಗೆ ಬಿದ್ದ ಕೂಡಲೇ ಅದು ಮೇಲೇರಿ ಕಿವಿ ಮುಚ್ಚುತ್ತದೆ, ಹುಡುಗ ಕೆಳಗೆ ಜಾರುತ್ತಾನೆ. ನಾವು ಪಟ್ಟಿ ಕಳಿಸಿದ್ದರಿಂದ ಚಿಕ್ಕ ಅಳತೆಯವು ತಯಾರಿದ್ದವು. ಅದೇ ದಿನ ಬಂದ ಇನ್ನೊಂದು ಗುಂಪು ಪಟ್ಟಿ ಕೊಟ್ಟಿರಲಿಲ್ಲ. ಪಾಪ, ಸರದಿ ಮೇಲೆ ಕಾಯುತ್ತಾ ಕೂತರು. ಜಾಕೆಟ್ ಸರಿ ಇದೆಯಾ ಅಂತ ನೋಡೋದು ಸುಲಭ. ಎಲ್ಲಾ ಬಕಲ್ ಹಾಕಿಸಿ, ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಿರಿ. ಗಲ್ಲಕ್ಕೆ ಬಂದರೆ ಸಡಿಲ. ಸೀಟಿ ಇದೆಯಾ ನೋಡಿ, ಇಲ್ಲದಿದ್ದರೆ ಸ್ಕೌಟ್ ಸೀಟಿಯನ್ನೇ ಕಟ್ಟಿ.

ಸಾಮಾನಿನ ಪಟ್ಟಿ ದೊಡ್ಡದು ಮಾಡಬೇಡಿ. ಜೀನ್ಸ್ ಬೇಡ, ಒದ್ದೆಯಾದರೆ ಕಲ್ಲಿನ ಭಾರ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್, ತುಂಬು ತೋಳಿನ ಟೀ ಶರ್ಟ್. ಹವಾಯಿ ಚಪ್ಪಲಿ ಕೆಸರಿನಲ್ಲಿ ಉಳಿದುಬಿಡುತ್ತದೆ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ತನ್ನಿ. ಕನ್ನಡಕಕ್ಕೆ ಎಲಾಸ್ಟಿಕ್ ದಾರ. ದಾರ ಇರುವ ಟೋಪಿ. ಎರಡು ಜೊತೆ ಒಣ ಬಟ್ಟೆ, ಒಂದು ಸ್ವೆಟರ್. ಮಲೆನಾಡಿನ ಡಿಸೆಂಬರ್ ಬೆಳಗ್ಗೆ ನಮ್ಮ ಕೋಲಾರದ ಚಳಿಯ ಹಾಗಲ್ಲ, ಮೈ ಒದ್ದೆ ಇದ್ದರಂತೂ ಹಲ್ಲು ಕಟಕಟ.

ಪ್ರಯಾಣ ಸಲೀಸಾಯಿತು. ಕೋಲಾರದಿಂದ ಬೆಂಗಳೂರಿಗೆ ಬಸ್, ಅಲ್ಲಿಂದ ತಾಳಗುಪ್ಪ ಕಡೆಯ ರಾತ್ರಿ ರೈಲು. ಬೆಳಗ್ಗೆ ಸಾಗರ. ಸ್ಟೇಷನ್ ಹೆಸರು ಸಾಗರ ಜಂಬಗಾರು ಅಂತ ಇರುತ್ತದೆ, ಟಿಕೆಟ್ ಮಾಡುವಾಗ ಗಮನಿಸಿ. ಅಲ್ಲಿಂದ ಎರಡು ಟೆಂಪೊ.

ನೀರು ಕಂಡ ಕೂಡಲೇ ಮಕ್ಕಳು ಕಿರುಚಾಡುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ಗಪ್‌ಚುಪ್. ಅಷ್ಟು ನೀರು ಒಟ್ಟಿಗೆ ಅವರು ನೋಡಿರಲಿಲ್ಲ. "ಇದೆಲ್ಲಾ ಸಿಹಿ ನೀರಾ ಸಾರ್?" ಅಂತ ಒಬ್ಬ ಕೇಳಿದ. ಹೌದು ಅಂದೆ. "ನಮ್ಮೂರಿಗೆ ಟ್ಯಾಂಕರ್‌ನಲ್ಲಿ ಬರುತ್ತೆ" ಅಂದ. ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಮೊದಲ ಹೊತ್ತೆಲ್ಲ ದಡದಲ್ಲೇ. ಕಯಾಕ್‌ನಲ್ಲಿ ಕಾಲು ಮುಂದೆ ಚಾಚಿ ತಗ್ಗಿನಲ್ಲಿ ಕೂರಬೇಕು, ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಕನೂ ಮೇಲ್ಗಡೆ ತೆರೆದಿರುತ್ತದೆ, ಮಂಡಿಯೂರಿ ಅಥವಾ ಹಲಗೆ ಮೇಲೆ ಕೂತು ಒಂದೇ ಅಲಗಿನ ಹುಟ್ಟು ಹಾಕಬೇಕು. ಇಬ್ಬರು ಕೂರುವ ದೋಣಿಯಲ್ಲಿ ಮುಂದಿನವರು ಲಯ ಕೊಡುತ್ತಾರೆ, ಹಿಂದಿನವರು ದಿಕ್ಕು ನೋಡುತ್ತಾರೆ. ಹುಟ್ಟನ್ನು ಕಾಲ್ಬೆರಳಿನ ಹತ್ತಿರ ನೀರಿಗೆ ಇಳಿಸಿ ಸೊಂಟದ ಪಕ್ಕ ಬಂದಾಗ ಎತ್ತಬೇಕು. ಕೈಯಿಂದ ಎಳೆದರೆ ಅರ್ಧ ಗಂಟೆಗೆ ಸುಸ್ತು, ಸೊಂಟ ತಿರುಗಿಸಿ ಎಳೆದರೆ ದಿನವಿಡೀ ಹೋಗಬಹುದು. ಹೊಲದಲ್ಲಿ ಗುದ್ದಲಿ ಹಿಡಿದು ಅಭ್ಯಾಸ ಇದ್ದ ಹುಡುಗರಿಗೆ ಇದು ತಕ್ಷಣ ಬಂತು.

ಆಮೇಲೆ ಬೀಳುವ ಪಾಠ. ಎದೆಮಟ್ಟದ ನೀರಿನಲ್ಲಿ ಒಬ್ಬೊಬ್ಬರನ್ನೇ ಬೇಕಂತಲೇ ಮಗುಚಿಸಿದರು. ಮುಂದಕ್ಕೆ ಬಾಗು, ಸೊಂಟದ ಪಕ್ಕ ದೋಣಿಯ ಅಂಚು ಹಿಡಿದು ತಳ್ಳು, ಕಾಲು ತಾನಾಗಿ ಹೊರಗೆ ಬರುತ್ತದೆ. ಹೊರಗೆ ಬಂದ ಮೇಲೆ ದೋಣಿ ಬಿಡಬೇಡ. ದಡ ಹತ್ತಿರ ಕಾಣಿಸಿದರೂ ಈಜಿಕೊಂಡು ಹೋಗಬೇಡ, ದೋಣಿ ಹಿಡಿದು ಇರು. ಇದನ್ನೇ ಮತ್ತೆ ಮತ್ತೆ ಹೇಳಿಸಿದರು. ಪಟ್ರೋಲ್ ಲೀಡರ್ (ದಳದೊಳಗಿನ ಸಣ್ಣ ಗುಂಪಿನ ನಾಯಕ) ಆಗಿದ್ದ ದೊಡ್ಡ ಹುಡುಗನೊಬ್ಬ ದೋಣಿ ಮಗುಚಿದಾಗ ಹೆದರಿ ಅತ್ತ. ಎಲ್ಲರ ಮುಂದೆ. ಮೇಡಂ ಅವನನ್ನು ಪಕ್ಕಕ್ಕೆ ಕರೆದು ಬಿಸಿ ಟೀ ಕೊಟ್ಟರು. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಹೋಗಿ ಮತ್ತೆ ಮಗುಚಿಸಿ ಅಂದ.

ಕೊನೆಗೆ ಒಬ್ಬರನ್ನೊಬ್ಬರು ಎತ್ತುವುದು. ಮಗುಚಿದ ದೋಣಿಯ ಮೂತಿಯನ್ನು ತನ್ನ ದೋಣಿಯ ಮೇಲೆ ಅಡ್ಡಲಾಗಿ ಎಳೆದುಕೊಳ್ಳಬೇಕು. ಒಳಗಿನ ನೀರು ಸುರಿದುಹೋಗುತ್ತದೆ. ತಿರುಗಿಸಿ ನೀರಿಗೆ ಬಿಟ್ಟು, ಪಕ್ಕದಲ್ಲಿ ಗಟ್ಟಿ ಹಿಡಿದರೆ ಬಿದ್ದವನು ಹತ್ತುತ್ತಾನೆ. ಹುಡುಗಿಯರು ಇದನ್ನು ಹುಡುಗರಿಗಿಂತ ಬೇಗ ಕಲಿತರು. ಬಲ ಹಾಕುವ ಬದಲು ಮಾತಾಡಿಕೊಂಡು ಮಾಡಿದರು ಅನ್ನೋದು ನನ್ನ ಅನಿಸಿಕೆ.

ಎರಡನೇ ದಿನ ಬೆಳಗ್ಗೆ ಒಂದು ಕೊಲ್ಲಿಯಂಥ ಜಾಗದಲ್ಲಿ ಸುತ್ತು ಹಾಕಿದೆವು. ಮುಂದೆ ತರಬೇತುದಾರರ ದೋಣಿ, ಅದನ್ನು ಯಾರೂ ದಾಟುವಂತಿಲ್ಲ. ಹಿಂದೆ ಒಂದು ದೋಣಿ, ಅದಕ್ಕಿಂತ ಯಾರೂ ಹಿಂದುಳಿಯುವಂತಿಲ್ಲ. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರ, ಸೀಟಿ ಊದಿದಾಗ ಇಬ್ಬರೂ ಕೈ ಎತ್ತಬೇಕು. ಈ ಹಿನ್ನೀರಿನ ಅಪಾಯ ಹರಿವಲ್ಲ, ಮರದ ಬೊಡ್ಡೆಗಳು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಕಾಡು ಅದು. ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ನೀರು ಇಳಿಯುತ್ತಾ ಹೋದ ಹಾಗೆ ಬೊಡ್ಡೆಗಳು ಮೇಲಕ್ಕೆ ಬರುತ್ತವೆ. ಪೂರ್ತಿ ಹೊರಗೆ ಬಂದದ್ದು ಕಾಣುತ್ತದೆ. ಒಂದು ಗೇಣು ಒಳಗಿರುವುದೇ ತೊಂದರೆ. ನಮ್ಮ ಒಂದು ಕನೂ ಅಂಥದ್ದರ ಮೇಲೆ ಕೂತುಬಿಟ್ಟಿತು. ಮಗುಚಲಿಲ್ಲ, ಎಲ್ಲೂ ಹೋಗಲೂ ಇಲ್ಲ. ಒಳಗಿದ್ದ ಇಬ್ಬರು "ಏನ್ ಮಾಡೋದು ಸಾರ್" ಅಂತ ನಗುತ್ತಾ ಕೂತಿದ್ದರು. ಹಗ್ಗ ಎಸೆದು ಎಳೆದೆವು. ಬೋಲೈನ್ ಗಂಟು ಯಾಕೆ ಕಲಿಸ್ತೀರಿ ಅಂತ ಕೇಳುತ್ತಿದ್ದವನೇ ಅದನ್ನು ಹಾಕಿದ.

ಹನ್ನೊಂದರ ಹೊತ್ತಿಗೆ ಗಾಳಿ ಎದ್ದಿತು. ದೊಡ್ಡ ನೀರಿನ ಮೇಲೆ ಬಿಸಿಲೇರಿದ ಮೇಲೆ ಹೀಗಾಗುವುದು ಸಾಮಾನ್ಯವಂತೆ. ಸಣ್ಣ ಅಲೆಗಳೇ, ಆದರೆ ಚಿಕ್ಕ ಮಕ್ಕಳ ದೋಣಿಗಳು ಹುಟ್ಟು ಹಾಕಿದ ಕಡೆ ಹೋಗದೆ ಪಕ್ಕಕ್ಕೆ ಸರಿಯತೊಡಗಿದವು. ನನ್ನ ಎದೆ ಹೊಡೆದುಕೊಂಡಿತು, ನಿಜ ಹೇಳ್ತೀನಿ. ತರಬೇತುದಾರರು ಸೀಟಿ ಊದಿ ಎಲ್ಲಾ ದೋಣಿಗಳನ್ನು ಒಂದಕ್ಕೊಂದು ಒತ್ತಿ ನಿಲ್ಲಿಸಿದರು. ಪಕ್ಕದ ದೋಣಿಯ ಅಂಚು ಹಿಡಿದುಕೊಂಡರೆ ಎಲ್ಲಾ ಸೇರಿ ತೆಪ್ಪದ ಹಾಗಾಗುತ್ತದೆ, ಮಗುಚುವುದಿಲ್ಲ. ಸ್ವಲ್ಪ ಸುಧಾರಿಸಿಕೊಂಡು ದಡದ ಮರೆಯಲ್ಲೇ ವಾಪಸ್ ಬಂದೆವು. ದ್ವೀಪಕ್ಕೆ ಹೋಗಿ ಊಟ ಮಾಡುವ ಕಾರ್ಯಕ್ರಮ ಇತ್ತು, ರದ್ದಾಯಿತು. ಮಕ್ಕಳು ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ. ನಿಮ್ಮ ವೇಳಾಪಟ್ಟಿಯಲ್ಲಿ ನೀರಿನ ಕೆಲಸ ಎಲ್ಲಾ ಬೆಳಗ್ಗೆ ಹನ್ನೊಂದರೊಳಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಗಂಟು, ಅಡುಗೆ, ಪ್ರಥಮ ಚಿಕಿತ್ಸೆ.

ಸಂಜೆ ದಡದ ಹತ್ತಿರ ಹರಿಗೋಲಿನಲ್ಲಿ ಕೂರಿಸಿದರು. ಕಯಾಕ್ ಕಲಿತು ಮೀಸೆ ತಿರುವುತ್ತಿದ್ದವರೆಲ್ಲ ಅಲ್ಲಿ ಗಿರಗಿರ ತಿರುಗಿ ಸುಸ್ತಾದರು. ದುಂಡಗಿನ ದೋಣಿಗೆ ಮೂತಿ ಇಲ್ಲ, ಪಕ್ಕಕ್ಕೆ ಹುಟ್ಟು ಹಾಕಿದರೆ ತಿರುಗುತ್ತದೆ ಅಷ್ಟೇ. ಮುಂದೆ ಹುಟ್ಟು ಇಳಿಸಿ ತನ್ನ ಕಡೆಗೆ ಎಳೆದುಕೊಳ್ಳಬೇಕು. ನಡೆಸುವ ಅಣ್ಣ ಒಂದೇ ಕೈಯಲ್ಲಿ ನೆಟ್ಟಗೆ ಹೊಡೆದುಕೊಂಡು ಹೋದದ್ದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು.

ವಾಪಸ್ ಬಂದ ಮೇಲಿನ ಕೆಲಸವೂ ಇದೆ. ಲಾಗ್ ಬುಕ್ ಅನ್ನು ರೈಲಿನಲ್ಲೇ ಬರೆಸಿ, ಮನೆಗೆ ಹೋದರೆ ಯಾರೂ ಬರೆಯುವುದಿಲ್ಲ. ತರಬೇತುದಾರರ ಸಹಿ ಅಲ್ಲಿಂದ ಹೊರಡುವ ಮುಂಚೆಯೇ ಹಾಕಿಸಿಕೊಳ್ಳಿ. ಅನುಮತಿ ಕೊಟ್ಟ ಎರಡೂ ಕಡೆ ವರದಿ ಮತ್ತು ಖರ್ಚಿನ ಲೆಕ್ಕ ಒಂದು ವಾರದೊಳಗೆ ಕೊಡಿ, ಮುಂದಿನ ವರ್ಷದ ಫೈಲಿಗೆ ಅದೇ ಆಧಾರ. ಒಂದೆರಡು ಮಕ್ಕಳಿಗೆ ಕಿವಿ ನೋವು ಬರಬಹುದು, ಎಣ್ಣೆ ಬಿಡಬೇಡಿ ಅಂತ ಮನೆಯವರಿಗೆ ಹೇಳಿ, ವೈದ್ಯರ ಹತ್ತಿರ ಕಳಿಸಿ. ಬೇಡ ಅಂದಿದ್ದ ಇಬ್ಬರ ಮನೆಯಿಂದ ಒಬ್ಬರ ತಂದೆ ಮೊನ್ನೆ ಶಾಲೆಗೆ ಬಂದು, ಕೊಳದ ಬ್ಯಾಚ್ ಮತ್ತೆ ಯಾವಾಗ ಅಂತ ಕೇಳಿಕೊಂಡು ಹೋದರು. ಜುಲೈ ಮೊದಲ ವಾರ, 900 ರೂಪಾಯಿ, ಹುಡುಗಿಯರಿಗೆ ಭಾನುವಾರ ಬೆಳಗ್ಗೆ.